ತಗಡಿನ ಮನೆಯ ಗಾಳಿ

ನಾಷ್ಟಾದ ಹೊತ್ತಿಗೆ ಬಂದು ಕೆಲಸ ಹಿಡಿಯುತ್ತೇನೆಂದಿದ್ದ ಕೂಲರ್ ರಿಪೇರಿ ಮಾಡುವವ ಅಫ್ಸರ, ಬಿಸಿಲು ನೆತ್ತಿಗೇರುತ್ತ ಬಂದರೂ ಬರಲಿಲ್ಲ. ಅಮರೇಶ ಫೋನು ಮಾಡಿದಾಗಲೆಲ್ಲ ಅವನು ಇಳಕಲ್ಲಿನ ಬಸ್‌ಸ್ಟ್ಯಾಂಡ್ ದಾಟುತ್ತಲೇ ಇದ್ದ. ಎಷ್ಟು ದೊಡ್ಡದಪ್ಪಾ ಆ ಬಸ್‌ಸ್ಟ್ಯಾಂಡು, ಮುಂಜಾನೆಯಿಂದ ದಾಟಿದರೂ ಮುಗಿಯುತ್ತಿಲ್ಲವಲ್ಲ ಎಂದು ಅಮರೇಶ ಹಲ್ಲು ಕಡಿದ. ಬೇರೆ ದಿನವಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇವತ್ತಿನ ದಿನವನ್ನು ಅವನು ಮೊದಲೇ ಹೊಂದಿಸಿಟ್ಟುಕೊಂಡಿದ್ದ: ಅಫ್ಸರ ಬಂದು ಮಾಳಿಗೆಯ ಮೇಲಿನ ಡಕ್ಟು ಬಿಚ್ಚಿ ತೊಳೆಯಬೇಕು, ಮಧ್ಯಾಹ್ನದ ಬಸ್ಸಿಗೆ ಅವ್ವ ಕೆರೂರಿನ ಅಕ್ಕನ ಮನೆಗೆ ಹೋಗಬೇಕು, ಸಂಜೆಯ ಹೊತ್ತಿಗೆ ಮನೆಯಲ್ಲಿ ಆ ನಾತ ಇರಬಾರದು. ನಾತ ಅವ್ವನದು ಎಂದು ಅವನು ಬಾಯಿಬಿಟ್ಟು ಯಾರ ಮುಂದೆಯೂ ಹೇಳಿರಲಿಲ್ಲ, ಹೆಂಡತಿಯ ಮುಂದೆ ಒಮ್ಮೆ, ದವಾಖಾನೆಯಲ್ಲಿ ಒಮ್ಮೆ ಬಿಟ್ಟು. ಆದರೆ ಅವ್ವನನ್ನು ಕಳಿಸುವುದೂ ಮನೆಯನ್ನು ತೊಳೆಸುವುದೂ ಒಂದೇ ದಿನ ಬಂದು ಕೂತದ್ದು ತಾನಾಗಿಯೇ ಆದದ್ದಲ್ಲ, ತಾನು ಮಾಡಿದ್ದು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದಕ್ಕೇ ಅಫ್ಸರನ ಮೇಲೆ ಅಷ್ಟು ಸಿಟ್ಟು.

ಮನೆ ಎಂದರೆ ಎರಡು ಕಬ್ಬಿಣದ ಡಬ್ಬಿ. ಗ್ರಾನೈಟ್ ಫ್ಯಾಕ್ಟರಿಯ ಮಾಲಕರು ಯಾವುದೋ ಬಂದರಿನಿಂದ ತರಿಸಿದ ಎರಡು ಹಳೇ ಕಂಟೇನರುಗಳನ್ನು ಮೈಗೆ ಮೈ ಹಚ್ಚಿ ನಿಲ್ಲಿಸಿ, ಕಿಟಕಿ ಕೊರೆಸಿ, ಒಳಗೆ ಪ್ಲೈವುಡ್ ಹೊಡೆಸಿ, ಸುಪರ್‌ವೈಸರ್ ಕ್ವಾರ್ಟರ್ಸ್ ಎಂದು ಹೆಸರಿಟ್ಟು ಅಮರೇಶನಿಗೆ ಕೊಟ್ಟಿದ್ದರು. ಮೊದಲು ಅದು ಕಲ್ಲಿನ ಕ್ವಾರಿಯ ದಂಡೆಯಲ್ಲಿತ್ತು. ಹೋದ ವರ್ಷ ದಿಮ್ಮಿ ಎತ್ತುವ ಕ್ರೇನಿನಿಂದಲೇ ಮನೆಯನ್ನು ಎತ್ತಿ, ಲಾರಿಯ ಮೇಲೆ ಹೇರಿ, ಹುನಗುಂದದ ರಸ್ತೆಯಲ್ಲಿರುವ ಈ ಪಾಲಿಶ್ ಫ್ಯಾಕ್ಟರಿಯ ಹಿಂದೆ ತಂದು ಇಳಿಸಿದರು. ಮನೆ ಗಾಳಿಯಲ್ಲಿ ತೂಗುತ್ತಿದ್ದಾಗ ಅವ್ವ ಕೆಳಗೆ ನಿಂತು ಕೈಮುಗಿದಿದ್ದಳು, ಹೆಂಡತಿ ಶೀಲಾ ವಿಡಿಯೋ ಮಾಡಿದ್ದಳು. ಹೊರಗೆ ಆಳೆತ್ತರದ ಕೂಲರು; ಅದರ ತಂಪು ಗಾಳಿ ಪ್ಲೈವುಡ್ ಮಾಳಿಗೆಯ ಮೇಲೆ ಮಲಗಿದ ತಗಡಿನ ಡಕ್ಟಿನೊಳಗೆ ಹರಿದು, ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ದಾಟಿ, ಎರಡು ಜಾಲರಿಗಳಿಂದ ಕೆಳಗೆ ಇಳಿಯುತ್ತಿತ್ತು. ಅದು ನಿಂತರೆ ಬೇಸಿಗೆಯ ಆ ಮನೆ ರೊಟ್ಟಿಯ ಹಂಚು. ಅದಕ್ಕೇ ಅವನು ಅವ್ವನ ಮಂಚವನ್ನು ಎರಡು ಡಬ್ಬಿ ಕೂಡುವ ಜಾಗದಲ್ಲಿ, ಸರಿಯಾಗಿ ಜಾಲರಿಯ ಕೆಳಗೆ ಹಾಕಿಸಿದ್ದ. ಎಲ್ಲರಿಗಿಂತ ಮೊದಲು ತಂಪು ಅವಳಿಗೆ ತಾಕಲಿ ಎಂದು. ಇದನ್ನಾದರೂ ಯಾರಾದರೂ ಲೆಕ್ಕಕ್ಕೆ ಹಿಡಿಯಬೇಕಲ್ಲ ಎಂದು ಈಗ ಅವನಿಗೆ ಅನಿಸಿತು, ಯಾರೋ ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತಿರುವ ಹಾಗೆ.

ಈ ಬೇಸಿಗೆಯಲ್ಲಿ ಕೂಲರು ಶುರುಮಾಡಿದ ನಾಲ್ಕಾರು ದಿನಕ್ಕೆ ನಾತ ಬಂತು. ಮೊದಲು ಹುಳಿಹುಳಿ, ಆಮೇಲೆ ಒದ್ದೆ ಹಾಸಿಗೆಯಂಥದು, ಆಮೇಲೆ ಹೆಸರಿಟ್ಟು ಹೇಳಲಾಗದಂಥದು. ಇಲಿ ಸತ್ತಿದೆಯೆಂದು ಹುಡುಕಿದರು, ಸಿಗಲಿಲ್ಲ. ಮೋರಿಗೆ ಫಿನೈಲು ಸುರಿದರು. ವಾಸನೆ ಮೇಲಿನಿಂದ ಬರುತ್ತದೆ, ಡಕ್ಟು ನೋಡಿಸಿರಿ ಎಂದು ಶೀಲಾ ಅಂದಾಗ ಅಮರೇಶ ನಕ್ಕಿದ್ದ. ಗಾಳಿಗೇನು ನಾತ, ಕೂಲರು ಬಂದಾದಾಗಲೂ ಬರುತ್ತದಲ್ಲ, ಮಂಚದ ಹತ್ತಿರ ಹೋಗಿ ನೋಡು, ಅಲ್ಲೇ ಜಾಸ್ತಿ ಎಂದಿದ್ದ. ಹಾಗೆ ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತ್ತು. ಶೀಲಾ ಅವನ ಮುಖವನ್ನೇ ನೋಡಿ, ಅತ್ತಿ ದಿನಾ ಎರಡು ಸಲ ಜಳಕಾ ಮಾಡ್ತಾರ, ನೀವು ಏನು ಮಾತಾಡ್ತೀರಿ ಎಂದು ಒಳಗೆ ಹೋಗಿದ್ದಳು. ಆದರೆ ಒಮ್ಮೆ ತಲೆಯೊಳಗೆ ಹೊಕ್ಕದ್ದು ಹೊರಗೆ ಬರಲಿಲ್ಲ. ಮಾಲಕರು ಒಂದು ದಿನ ಊಟಕ್ಕೆ ಬಂದರು. ಶೀಲಾ ಎಣ್ಣೆಗಾಯಿ, ಶೇಂಗಾದ ಹೋಳಿಗೆ ಎಂದು ಏನೇನೋ ಮಾಡಿದ್ದಳು. ಅವರು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತವರು ಕರವಸ್ತ್ರ ತೆಗೆದು ಬೆವರು ಒರೆಸುವವರ ಹಾಗೆ ಮೂಗಿನ ಹತ್ತಿರ ಹಿಡಿದು ಅಲ್ಲೇ ಇಟ್ಟುಕೊಂಡರು. ಅರ್ಧ ಹೋಳಿಗೆ ತಾಟಿನಲ್ಲೇ ಉಳಿಯಿತು. ಹೋಗುವಾಗ, ವಯಸ್ಸಾದವರು ಇರ್ತಾರಲ್ಲ, ಮನಿ ಸ್ವಲ್ಪ ಗಾಳಿಗೆ ಬಿಡ್ಬೇಕಪಾ ಎಂದು ಅವನ ಹೆಗಲು ತಟ್ಟಿದರು. ಅವತ್ತಿನಿಂದ ಅಮರೇಶನಿಗೆ ತಾನು ಮನೆಯ ಒಳಗಿದ್ದರೂ ಹೊರಗಿದ್ದರೂ ಆ ತಟ್ಟಿದ ಜಾಗದಲ್ಲಿ ಯಾರದೋ ಕೈ ಇದೆ ಅನಿಸುತ್ತಿತ್ತು.

ಸಿಟ್ಟು ಬಂದರೆ ಸಾಲದು, ಏನಾದರೂ ಮಾಡಬೇಕಲ್ಲ. ಅವ್ವನನ್ನು ಇಳಕಲ್ಲಿನ ದವಾಖಾನೆಗೆ ಕರೆದುಕೊಂಡು ಹೋದ. ಸಕ್ಕರೆ ಕಾಯಿಲೆ ನೋಡಿಸೋಣ ಎಂದು ಹೇಳಿ ಕರೆದೊಯ್ದದ್ದು. ಒಳಗೆ ಹೋದ ಮೇಲೆ ಡಾಕ್ಟರು ಏನು ತೊಂದರೆ ಎಂದು ಕೇಳಿದಾಗ ಅವ್ವ ಮೊಣಕಾಲು ತೋರಿಸಿದಳು, ಅವನು ಇಂಗ್ಲಿಷಿನಲ್ಲಿ ಬೇರೆಯದನ್ನು ಹೇಳಿದ. ಡಾಕ್ಟರು ಪಾಪ, ತಗ್ಗಿದ ದನಿಯಲ್ಲಿಯೇ ಕೇಳಿದರು: ಅಜ್ಜೀ, ಉಚ್ಚಿ ತಡಕೊಳ್ಳಾಕ ಆಗ್ತದಿಲ್ಲೋ, ಹಾಸಿಗ್ಯಾಗ ಆಗ್ತದೇನು? ಬಾಗಿಲಿನಲ್ಲಿ ಚೀಟಿ ಹಿಡಿದು ನಿಂತಿದ್ದ ನರ್ಸು, ಅವಳ ಹಿಂದಿನ ಪಾಳಿಯಲ್ಲಿ ಇಬ್ಬರು ಗಂಡಸರು. ಅವ್ವ ಮಗನ ಕಡೆ ತಿರುಗಿ ನೋಡಿದಳು, ಸೆರಗು ಎಳೆದುಕೊಂಡಳು, ಇಲ್ರೀ ಅಂದಳು. ಅಷ್ಟೇ. ಅವನು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಮುಚ್ಚಿಡ್ತಾಳ್ರಿ ಎಂದ. ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ವಾಪಸು ಬರುವಾಗ ಗಾಡಿಯ ಹಿಂದೆ ಕೂತ ಅವ್ವ ಎಂದಿನಂತೆ ಅವನ ಹೆಗಲು ಹಿಡಿಯದೆ ಸೀಟಿನ ಕೆಳಗಿನ ಕಬ್ಬಿಣ ಹಿಡಿದುಕೊಂಡಿದ್ದಳು. ಮರುದಿನ ತನ್ನ ಹಾಸಿಗೆಯನ್ನು ತಾನೇ ಎತ್ತಿಕೊಂಡು ಹೊರಗಿನ ತಗಡಿನ ಪಡಸಾಲೆಗೆ ಹೋದಳು, ಇಲ್ಲಿ ಗಾಳಿ ಚೊಲೋ ಬರ್ತದ ಎಂದಳು. ಬಿಸಿಗಾಳಿ ಬರುತ್ತಿತ್ತು. ಅವಳು ಹೋದ ಮೇಲೂ ಒಳಗೆ ನಾತ ಕಡಿಮೆಯಾಗಲಿಲ್ಲ, ಆಗ ಅಮರೇಶ ಏನು ತರ್ಕ ಹೂಡಿದನೆಂದರೆ, ಅದು ಪ್ಲೈವುಡ್ಡಿಗೆ ಇಳಿದಿದೆ, ಡಕ್ಟಿನೊಳಗೆಲ್ಲ ತಿರುಗಾಡಿ ಮೆತ್ತಿಕೊಂಡಿದೆ, ಒಮ್ಮೆ ಎಲ್ಲ ತೊಳೆಸಿಬಿಡಬೇಕು. ಮನುಷ್ಯ ಒಂದು ಸಲ ತಪ್ಪು ದಾರಿ ಹಿಡಿದರೆ ಎಷ್ಟು ಅಚ್ಚುಕಟ್ಟಾಗಿ ನಡೆಯುತ್ತಾನೆ!

ಇವತ್ತು ಅವ್ವ ಮುಂಜಾನೆಯೇ ತಯಾರಾಗಿ, ಹೊರಗೆ ಬೇವಿನ ಗಿಡದ ನೆರಳಲ್ಲಿ ಪಾಲಿಶ್ ಮಾಡುವಾಗ ಒಡೆದ ಗ್ರಾನೈಟಿನ ತುಂಡಿನ ಮೇಲೆ ಕೂತಿದ್ದಳು. ವಿಭೂತಿ ಹಚ್ಚಿ, ಇಳಕಲ್ಲಿನ ಹಳೇ ದಡಿಯ ಸೀರೆ ಉಟ್ಟು, ಕಾಲ ಬಳಿ ಚೀಲ ಇಟ್ಟುಕೊಂಡು. ಬಸ್ಸಿನಲ್ಲಿ ತೋರಿಸಲು ಆಧಾರ್ ಕಾರ್ಡನ್ನು ಸೊಂಟದ ಚಂಚಿಯಲ್ಲಿ ಇಟ್ಟುಕೊಂಡದ್ದನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಬಾಗಲಕೋಟೆಯ ಬಸ್‌ಸ್ಟ್ಯಾಂಡಿಗೆ ಅಕ್ಕ ಮಹೇಶ್ವರಿಯ ಗಂಡ ಬಂದು ಅಲ್ಲಿಂದ ಕೆರೂರಿಗೆ ಕರೆದೊಯ್ಯುವುದೆಂದು ಆಗಿತ್ತು. ಕೆರೂರಿನದು ಕಲ್ಲಿನ ಮನೆ, ಬೇಸಿಗೆಗೆ ತಂಪು, ಮಳೆ ಬಿದ್ದ ಮೇಲೆ ಬಂದು ಕರೆದುಕೊಂಡು ಬರುತ್ತೇನೆ ಎಂದು ಅಮರೇಶ ಹೇಳಿದಾಗ ಅವಳು ಯಾಕೆ ಎಂದು ಕೇಳಿರಲಿಲ್ಲ. ಹೂಂ ಅಂದಿದ್ದಳು. ಕೇಳಿದ್ದರೆ ಅವನಿಗೆ ಸುಳ್ಳು ಹೇಳಲು ಒಂದು ಅವಕಾಶವಾದರೂ ಸಿಗುತ್ತಿತ್ತು. ಅದನ್ನೂ ಕೊಡಲಿಲ್ಲ ನೋಡು ಎಂದು ಅವಳ ಮೇಲೆಯೂ ಅವನಿಗೆ ಒಳಗೊಳಗೇ ಸಿಟ್ಟಿತ್ತು.

ಅಂತೂ ಅಫ್ಸರ ಬಂದ. ಬಂದವನು ಏಣಿ ತಂದಿರಲಿಲ್ಲ. ಫ್ಯಾಕ್ಟರಿಯಲ್ಲಿ ಇರ್ತದ ಅನಕೊಂಡೆರಿ ಎಂದ. ಫ್ಯಾಕ್ಟರಿಯ ಏಣಿ ಕೇಳಲು ಹೋದರೆ ಅದನ್ನು ಯಾರೋ ಬಲ್ಬು ಹಾಕಲು ಒಯ್ದಿದ್ದರು. ಕೊನೆಗೆ ಅವ್ವನ ಮಂಚದ ಮೇಲೆ ಒಂದು ಸ್ಟೂಲಿಟ್ಟು ಅವನು ಏರಿದ. ಚಪ್ಪಲಿ ಕಳೆ ಮಾರಾಯಾ ಎಂದು ಅಮರೇಶ ಹೇಳಬೇಕಾಯಿತು. ಅವನು ಸ್ಕ್ರೂ ಬಿಚ್ಚುತ್ತ ಕಿವಿಗೂ ಭುಜಕ್ಕೂ ನಡುವೆ ಫೋನು ಒತ್ತಿಕೊಂಡು ಯಾರಿಗೋ ಬಸ್‌ಸ್ಟ್ಯಾಂಡ್ ಹತ್ತಿರ ಇದ್ದೇನೆ ಎಂದು ಹೇಳುತ್ತಿದ್ದ. ಅದನ್ನು ಕೇಳಿ ಶೀಲಾ ಬಾಯಿಗೆ ಸೆರಗು ಒತ್ತಿ ನಕ್ಕಳು. ಅಮರೇಶನಿಗೆ ನಗು ಬರಲಿಲ್ಲ. ಗೋಡೆಯ ಗಡಿಯಾರ ನೋಡಿದ, ಹೊರಗೆ ಅವ್ವನನ್ನು ನೋಡಿದ, ಇವಳನ್ನು ಬಸ್ಸಿಗೆ ಹತ್ತಿಸುವುದರೊಳಗೆ ಈ ಕೆಲಸ ಮುಗಿಯುವುದಿಲ್ಲ, ತನ್ನ ಜನ್ಮದಲ್ಲಿ ಒಂದು ಕೆಲಸವೂ ಹೇಳಿದ ಹೊತ್ತಿಗೆ ಮುಗಿದಿಲ್ಲ ಎಂದುಕೊಂಡ. ಜಾಲರಿ ಕೆಳಗೆ ಬಂತು. ಅದರ ಹಿಂದೆಯೇ ಬೂದಿಬಣ್ಣದ ಕಲ್ಲಿನ ಪುಡಿ ದಬದಬ ಸುರಿದು ಅಫ್ಸರನ ಗಡ್ಡ, ರೆಪ್ಪೆ ಎಲ್ಲ ಬೆಳ್ಳಗಾದವು. ಅವನು ಕೆಮ್ಮುತ್ತ ತಗಡಿನೊಳಗೆ ಕೈ ಹಾಕಿ, ಒದ್ದೆ ಅರಿವೆಯಿಂದ ಒರೆಸಿ ಒರೆಸಿ ಬಕೆಟ್ಟಿಗೆ ಹಿಂಡಿದ. ಒಂದು ಕಡೆ ತಗಡಿನ ಬೆಸುಗೆ ಬಿಟ್ಟಿತ್ತು, ಅದಕ್ಕೆ ರಿವೆಟ್ ಹೊಡೆದ. ಎರಡು ಡಬ್ಬಿ ಕೂಡುವಲ್ಲಿಗೆ ಬಂದಾಗ ಮಾತು ನಿಲ್ಲಿಸಿ ಫೋನು ಜೇಬಿಗಿಟ್ಟ. ಇಲ್ಲಿ ತಗಡಿಲ್ರೀ, ಅರಿವಿ ಐತಿ ಎಂದ. ತಂತಿ ಕತ್ತರಿಸಿ ಎಳೆದ. ಕಪ್ಪು ಹಸಿರು ಬೂಸ್ಟು ಹಿಡಿದು, ದಪ್ಪಗೆ, ಜೋಲುತ್ತ, ಒಂದು ದೊಡ್ಡ ಅಂಗಿಯ ತೋಳಿನಂಥದು ಮಂಚದ ಮೇಲೆ ಬಿತ್ತು. ಆ ನಾತ ಇಡೀ ಮನೆ ತುಂಬಿ ಶೀಲಾ ಹೊರಗೆ ಓಡಿದಳು.

"ಯಾರ್ರೀ ಇದಕ್ಕ ಹಿಟ್ಟ ಹಚ್ಚಿದವ್ರು?" ಅಫ್ಸರ ಮೂಗು ಹಿಡಿದುಕೊಂಡೇ ನಗಹತ್ತಿದ. "ಅರಿವಿ ಅಲ್ರೀ ಇದು, ಹುಳಿ ಅಂಬಲಿ."

ಹಿಟ್ಟು ಎಂಬ ಶಬ್ದ ಬಿದ್ದ ಕೂಡಲೇ ಹೋದ ವರ್ಷದ ಒಂದು ಮಧ್ಯಾಹ್ನ ಎದ್ದು ಬಂದು ಅಮರೇಶನ ಎದುರಿಗೆ ನಿಂತಿತು. ಕ್ರೇನು ಮನೆಯನ್ನು ಇಳಿಸಿದಾಗ ಎರಡು ಡಬ್ಬಿಗಳ ಡಕ್ಟಿನ ಬಾಯಿಗಳು ಒಂದಕ್ಕೊಂದು ಕೂಡದೆ ಗೇಣಷ್ಟು ಅಂತರ ಉಳಿದಿತ್ತು. ಗಾಳಿಯೆಲ್ಲ ಮಾಳಿಗೆಯ ಮೇಲೆಯೇ ಸೋರಿ ಹೋಗುತ್ತಿತ್ತು. ಪೇಟೆಯಲ್ಲಿ ಕ್ಯಾನ್ವಾಸ್ ಸಿಗದೆ ಅವನು ಒದ್ದಾಡುತ್ತಿದ್ದಾಗ ಅವ್ವ ದಪ್ಪನೆಯ ಖಾದಿ ಹಚ್ಚಡ ತಂದು, ಎರಡು ಪದರು ಮಾಡಿ ತೋಳಿನಂತೆ ಹೊಲಿದಳು. ಬಟ್ಟೆಯ ಸಂದಿನಿಂದ ಗಾಳಿ ಸೋರುತ್ತದಲ್ಲವ್ವಾ ಎಂದದ್ದಕ್ಕೆ, ನಿಂದ್ರು, ಮಗ್ಗಕ್ಕ ಏರಿಸೂ ನೂಲಿಗೆ ಏನು ಮಾಡ್ತೇವಿ ನಾವು ಎಂದು ನಕ್ಕು, ಜೋಳದ ಹಿಟ್ಟಿನ ಗಂಜಿ ಕಾಸಿ ಮೂರು ಸಲ ಹಚ್ಚಿ ಒಣಗಿಸಿದಳು. ನೂಲಿಗೆ ಗಂಜಿ ಕುಡಿಸಿ ಬಿಗಿ ಮಾಡುತ್ತಲೇ ಆಯುಷ್ಯ ಕಳೆದ ಕೈ ಅದು. ಬಟ್ಟೆ ತೊಗಲಿನಂತೆ ಗಟ್ಟಿಯಾಯಿತು, ಒಂದಿಷ್ಟೂ ಗಾಳಿ ಸೋರಲಿಲ್ಲ. ಅವನೇ ಏರಿ ತಂತಿ ಬಿಗಿದಿದ್ದ. ನಮ್ಮವ್ವ ಇಂಜಿನಿಯರ್ ಎಂದು ಫ್ಯಾಕ್ಟರಿಯಲ್ಲಿ ಹೇಳಿಕೊಂಡು ತಿರುಗಿದ್ದ. ಮಗ್ಗದ ನೂಲು ಒಣಗಾಳಿಯಲ್ಲಿ ಸೀರೆಯಾಗಿ ಹೋಗುತ್ತದೆ. ಕೂಲರಿನ ಹಸಿಗಾಳಿಯಲ್ಲಿ ಹಿಟ್ಟು ಹುಳಿತು ಕೊಳೆಯುತ್ತದೆಂದು ಅವಳಿಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ಮಳೆಗಾಲವೆಲ್ಲ ಆ ಬಟ್ಟೆ ತೇವ ಹೀರುತ್ತ ಬಂದಾದ ಡಕ್ಟಿನೊಳಗೆ ಬಿದ್ದಿತ್ತು. ಇವೆಲ್ಲ ಒಂದು ಉಸಿರಿನಲ್ಲಿ ತಲೆಯೊಳಗೆ ಹಾದುಹೋದವು, ಆಮೇಲೆ ಅವನ ಬಾಯಿ ತನ್ನಷ್ಟಕ್ಕೆ ತಾನೇ, ಗೊತ್ತಿಲ್ಲ, ನಾವು ಬರೂಕಿಂತ ಮೊದಲ ಯಾರೋ ಹಚ್ಚಿರಬೇಕು ಎಂದಿತು.

"ನಾನ ಹಚ್ಚಿದ್ದು," ಎಂದಳು ಅವ್ವ. ಶೀಲಾ ಓಡಿ ಬಂದದ್ದನ್ನು ನೋಡಿ ಅವಳು ಎದ್ದು ಬಾಗಿಲಿಗೆ ಬಂದು ನಿಂತಿದ್ದಳು. "ನಾ ಹೊಲದೆ, ನಾ ಗಂಜಿ ಹಚ್ಚಿದೆ. ಅಂವ ಮ್ಯಾಲೇರಿ ಕಟ್ಟಿದ. ಮರತಾನ."

ಅಫ್ಸರ ಇಬ್ಬರ ಮುಖವನ್ನೂ ನೋಡಿ, ನಾಲಿಗೆ ಕಚ್ಚಿಕೊಂಡು, ಡಕ್ಟಿನೊಳಗೆ ತಲೆ ಹಾಕಿಬಿಟ್ಟ. ಅವ್ವ ಒಳಗೆ ಬಂದು ಮಂಚದ ಮೇಲಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿನ ಹತ್ತಿರ ಹಿಡಿದಳು. ಬಿಡವ್ವಾ, ಕೆಳಗಿಡು ಎಂದು ಅಮರೇಶ ಹೇಳುತ್ತಿದ್ದರೂ ಕೇಳಲಿಲ್ಲ. ಅವಳ ಮುಖದಲ್ಲಿ ಅಸಹ್ಯವಿರಲಿಲ್ಲ. ಪರಿಚಯದವರನ್ನು ಸಂತೆಯಲ್ಲಿ ಕಂಡವರ ಹಾಗೆ ಒಂದಿಷ್ಟು ನಗೆ ಇತ್ತು. ಮಣ್ಣಿನ ಗಡಿಗೆಯಲ್ಲಿ ನಿನ್ನೆಯ ಗಂಜಿ ಉಳಿದರೆ ಹೀಗೇ ಆಗುತ್ತಿತ್ತಲ್ಲೋ, ನಮ್ಮ ಕುಣಿಮಗ್ಗದ ಖೋಲಿ ಎಲ್ಲ ಇದೇ ವಾಸನೆ, ನಿನ್ನ ತೊಟ್ಟಿಲು ಅಲ್ಲೇ ಕಟ್ಟಿದ್ದೆ ಎಂದಳು. ತನಗೆ ಮನೆಯಲ್ಲಿ ವಾಸನೆ ಬರುತ್ತಿದ್ದುದು ಗೊತ್ತಿತ್ತು, ಅದು ನಾತವೆಂದು ಮಾತ್ರ ಗೊತ್ತಾಗಲಿಲ್ಲ ಎಂದಳು. ಅಮರೇಶ ನೋಡುತ್ತ ನಿಂತ. ಹಾಗಾದರೆ ತನಗೆ? ಅದೇ ಖೋಲಿಯಲ್ಲಿ ಹಾಲು ಕುಡಿದು, ಅದೇ ಖೋಲಿಯಲ್ಲಿ ಮಗ್ಗಿ ಬಾಯಿಪಾಠ ಮಾಡಿ ಬೆಳೆದ ತನ್ನ ಮೂಗಿಗೆ ಅದು ಗುರುತೇ ಸಿಗಲಿಲ್ಲವಲ್ಲ. ಸಿಕ್ಕದ್ದು ಮಾತ್ರ ಹೆತ್ತವಳ ಮೈ. ಅವನಿಗೆ ಅಳು ಬರಬೇಕಾಗಿತ್ತು. ಬಂದದ್ದು ಸಿಟ್ಟು. ನೀ ಒಂದು ಮಾತು ನೆನಪು ಮಾಡಿದ್ದರ ಈ ತಿಂಗಳೆಲ್ಲಾ ನರಕ ಇರ್ತಿರಲಿಲ್ಲಲ್ಲವ್ವಾ ಎಂದು ಕೂಗಿಬಿಟ್ಟ. ಕೂಗಿದ್ದು ತಗಡಿಗೆ ಬಡಿದು ಎರಡೂ ಡಬ್ಬಿಯೊಳಗೆ ಗಣಗಣ ಎಂದಿತು. ಬಾಗಿಲಲ್ಲಿ ನಿಂತ ಶೀಲಾ, ನೆನಪು ಮಾಡಬೇಕಾದವ್ರು ಯಾರ್ರೀ ಎಂದಳು, ಮೆಲ್ಲಗೆ, ಅವ್ವನಿಗೆ ಕೇಳದ ಹಾಗೆ. ಅವ್ವ ಬಟ್ಟೆಯನ್ನು ಮಡಚಿ, ಅದನ್ನೂ ಮಡಚಿದಳಲ್ಲ, ಹೊರಗೆ ತಿಪ್ಪೆಯ ಮೇಲಿಟ್ಟು, ನಳದಲ್ಲಿ ಕೈ ತೊಳೆದುಕೊಂಡು ಚೀಲ ಎತ್ತಿಕೊಂಡಳು.

ರಸ್ತೆಯವರೆಗೆ ಅವನು ಚೀಲ ಕಸಿದುಕೊಂಡು ಹಿಂದೆ ಹಿಂದೆ ಬಂದ. ಈಗ ಹೋಗುವ ಕೆಲಸವೇ ಇಲ್ಲ ಎಂದ. ಅಕ್ಕನಿಗೆ ಫೋನು ಮಾಡುತ್ತೇನೆ ಎಂದ. ಅಫ್ಸರ ಹೊಸ ಕ್ಯಾನ್ವಾಸು ಹಾಕುತ್ತಾನೆ, ಸಂಜೆಗೆ ತಂಪು ಗಾಳಿ ಬರುತ್ತದೆ, ಮಂಚ ಅಲ್ಲೇ ಹಾಕುತ್ತೇನೆ ಎಂದ. ಗ್ರಾನೈಟ್ ತುಂಬಿದ ಲಾರಿಗಳು ಹಾದುಹೋಗುವಾಗ ಅವನ ಮಾತು ನಡುವೆ ನಡುವೆ ಮುಚ್ಚಿಹೋಗುತ್ತಿತ್ತು, ಲಾರಿ ಹೋದ ಮೇಲೆ ಮತ್ತೆ ಮೊದಲಿನಿಂದ ಹೇಳುತ್ತಿದ್ದ. ಬಸ್ಸು ನಿಲ್ಲುವ ಕಲ್ಲಿನ ಹತ್ತಿರ ಬಂದು ಅವ್ವ ನಿಂತಳು. ಅವಳಲ್ಲಿ ಸಿಟ್ಟು ಕಾಣಲಿಲ್ಲ. ಕಂಡಿದ್ದರೆ ಅವನು ಕಾಲು ಹಿಡಿದಾದರೂ ತಿರುಗಿಸುತ್ತಿದ್ದ.

"ಆ ನಾತ ನಿಂದಲ್ಲಂತ ಈಗ ಗೊತ್ತಾತಲ್ಲ ಯವ್ವಾ. ಮತ್ಯಾಕ ಹೋಗ್ತಿ?"

"ನಂದಲ್ಲಂತ ನನಗ ಮೊದಲ ಗೊತ್ತಿತ್ತು ತಮ್ಮಾ. ದವಾಖಾನ್ಯಾಗ ಹೇಳಿದ್ನಲ್ಲ."

ದೂರದಲ್ಲಿ ಬಸ್ಸಿನ ಕೆಂಪು ಕಾಣಿಸಿತು. ಇನ್ನು ಮಾತಿಗೆ ಹೊತ್ತಿಲ್ಲ ಎಂಬುದು ಅವಳಿಗೂ ತಿಳಿದಿರಬೇಕು, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಯಾರದೋ ಮನೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು.

"ನೀ ನನ್ನ ಹತ್ರ ಬಂದಾಗ ಉಸಿರು ಹಿಡೀತಿ. ನಿನಗ ಗೊತ್ತಿಲ್ಲ ಅದು. ಗುಳಿಗಿ ಕೊಡಾಕ ಬಂದ್ರೂ ಹಿಡೀತಿ, ಚಾದರ ಹೊಚ್ಚಾಕ ಬಂದ್ರೂ ಹಿಡೀತಿ. ಆ ಕಡೆ ಹೋಗಿ ಬಿಡ್ತಿ. ನೋಡಿ ನೋಡಿ ನಾನೂ ಹಿಡಿಯಾಕ ಹತ್ತೇನಿ, ಲಗೂನ ಹೋಗ್ಲಿ, ಪಾಪ, ಉಸಿರಾಡ್ಲಿ ನನ್ನ ಮಗ ಅಂತ."

"ಇಲ್ಲವ್ವಾ. ನಾ ಯಾವಾಗ... ಹಂಗೇನೂ ಇಲ್ಲ."

ಬಸ್ಸು ಧೂಳೆಬ್ಬಿಸಿ ನಿಂತಿತು. ಕಂಡಕ್ಟರು ಲಗೂ ಹತ್ರಿ ಅಜ್ಜಿ ಎಂದು ಕೂಗಿದ. ಸುಳ್ಳು, ಶುದ್ಧ ಸುಳ್ಳು, ಎಲ್ಲಿಂದ ತಂದಳು ಇದನ್ನು ಎಂದು ಅಮರೇಶ ಒಳಗೇ ಜಗಳಾಡುತ್ತ, ತೋರಿಸಿಯೇ ಬಿಡುತ್ತೇನೆ ಎಂಬವನಂತೆ ಸರಕ್ಕನೆ ಬಾಗಿ ಅವಳ ಎರಡೂ ಪಾದ ಹಿಡಿದ. ಅವಳ ಕೈ ಅವನ ತಲೆಯ ಮೇಲೆ ಬಂತು. ಹಸಿ ಸಾಬೂನು, ವಿಭೂತಿ, ಬಿಸಿಲಿಗೆ ಕಾದ ಸೀರೆ, ಇವುಗಳ ವಾಸನೆ ಬರಬೇಕಾಗಿತ್ತು. ಏನೂ ಬರಲಿಲ್ಲ. ಎದ್ದು ನಿಂತ. ಅವನ ಎದೆ ತುಂಬಿ ಬಿಗಿದಿತ್ತು, ಕಿವಿಯಲ್ಲಿ ರಕ್ತ ಬಡಿಯುತ್ತಿತ್ತು, ತುಟಿ ಒತ್ತಿ ಮುಚ್ಚಿತ್ತು. ಅವ್ವ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಕೈಯಿಂದ ಚೀಲ ತೆಗೆದುಕೊಂಡಳು, ಸರಳು ಹಿಡಿದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು.

"ಬಿಡು ತಮ್ಮಾ," ಅಂದಳು. "ನಾ ಹತ್ತಿದೆ. ಬಿಡು ಈಗ."

ಬಾಗಿಲು ಬಡಿದುಕೊಂಡು ಬಸ್ಸು ಹೊರಟ ಮೇಲೆ ಅವನು ಉಸಿರು ಬಿಟ್ಟ.